ಮಣ್ಣಿಗೂ ಬರಲ್ಲ ಅಂದವಳು

ರಜೆ ಬಂದರೆ ಜನ ಊಟಿಗೆ ಹೋಗುತ್ತಾರೆ, ಗೋಕರ್ಣಕ್ಕೆ ಹೋಗುತ್ತಾರೆ. ನಾನು ತಂಗಿಯ ಹೊಟ್ಟೆ ಉರಿಸಲು ಹೋದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರಾದರೂ ‘ಪಾಪ, ವೀರಮ್ಮ ಟೀಚರ್‌ಗೆ ನೆಮ್ಮದಿ ಬೇಕಾಗಿತ್ತು’ ಎಂದು ಕನಿಕರ ತೋರಿಸಿಕೊಂಡು ಬರುವುದು ನನಗೆ ಬೇಡ. ನೆಮ್ಮದಿ ದುರ್ಗದ ನನ್ನ ಮನೆಯಲ್ಲೇ ಬೇಕಾದಷ್ಟಿತ್ತು. ಹೈಸ್ಕೂಲಿನಿಂದ ನಿವೃತ್ತಳಾಗಿದ್ದೆ, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಪುಸ್ತಕ ಓದಲು, ಹಾಡು ಕೇಳಲು ಯಾರ ಅಡ್ಡಿಯೂ ಇರಲಿಲ್ಲ. ಆದರೆ ದುರ್ಗದಲ್ಲಿ ಕೂತು ಓದಿದರೆ ಅದು ಗಂಗಾಳಿಗೆ ಕಾಣುವುದು ಹೇಗೆ?

ಗಂಗಾ ನನ್ನ ತಂಗಿ. ಭರಮಸಾಗರದ ಕೆರೆಯಾಚೆ, ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದಾಳೆ. ಗಂಡ ತಿಪ್ಪೇರುದ್ರಪ್ಪ ಬಾಯಿಸತ್ತ ಮನುಷ್ಯ, ಅವನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸುತ್ತಾಳೆ. ಅವರ ಈರುಳ್ಳಿ ಹೊಲಕ್ಕೆ ಅಂಟಿಕೊಂಡೇ ಕಲ್ಲೇಶನ ತೋಟದ ಮನೆ ಇದೆ. ಕಲ್ಲೇಶ ನನ್ನ ಹಳೆಯ ವಿದ್ಯಾರ್ಥಿ, ಭರಮಸಾಗರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ದಸರಾ ರಜೆಗೆ ಮನೆ ಕೊಡು ಎಂದು ಕೇಳಿದಾಗ ಅವನು ತಲೆ ಕೆರೆದುಕೊಂಡ.

“ಮೇಡಂ, ಪಕ್ಕದಾಗೇ ನಿಮ್ಮ ತಂಗಿಯೋರ ಹೊಲ ಐತೆ.”

“ಗೊತ್ತು ಕಣಪ್ಪ. ಅದಕ್ಕೇ ಕೇಳಿದ್ದು.”

“ಜಗಳ ಗಿಗಳ ಆದೀತು...”

“ಹಾಡು ಕೇಳೋಕೆ, ಪುಸ್ತಕ ಓದೋಕೆ ಬರ್ತಿದೀನಿ. ಅದರಲ್ಲಿ ಎಂಥ ಜಗಳ?” ಎಂದೆ. ಅವನು ಬೀಗದ ಕೈ ಕೊಟ್ಟ. ಎಷ್ಟಾದರೂ ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು.

ಜಗಳ ಯಾಕೆ ಎಂದು ಹೇಳದಿದ್ದರೆ ನನ್ನನ್ನೇ ಕೆಟ್ಟವಳು ಎಂದುಕೊಳ್ಳುತ್ತೀರಿ. ಕೇಳಿ. ಅವ್ವ ಕೊನೆಯ ವರ್ಷಗಳಲ್ಲಿ ಗಂಗಾಳ ಮನೆಯಲ್ಲಿತ್ತು. ಒಂದು ಬೆಳಗಿನ ಜಾವ ಹೋಯಿತು. ಮಧ್ಯಾಹ್ನದೊಳಗೆ ಮಣ್ಣು ಮಾಡಿಬಿಟ್ಟರು. ನನಗೆ ಸುದ್ದಿ ತಿಳಿದದ್ದು ಸಂಜೆ, ಅದೂ ನಾನಾಗ ಪಾಠ ಮಾಡುತ್ತಿದ್ದ ಶಾಲೆಯಿಂದ ತಮ್ಮ ಮಗಳನ್ನು ಕರೆದೊಯ್ಯಲು ಬಂದ ಭರಮಸಾಗರದ ಒಬ್ಬರ ಬಾಯಿಂದ. ಬಿದ್ದು ಎದ್ದು ಓಡಿದೆ. ನೋಡಲು ಸಿಕ್ಕಿದ್ದು ಹಸಿ ಮಣ್ಣಿನ ಗುಡ್ಡೆ, ಅದರ ಮೇಲೆ ಬಾಡುತ್ತಿದ್ದ ಹೂವು. ಹೆತ್ತ ತಾಯಿಯ ಮುಖ ಕೊನೆಗೊಮ್ಮೆ ನೋಡಲಿಲ್ಲ ನಾನು.

ಗಂಗಾ ಏನೆಂದಳು ಗೊತ್ತೆ? “ಫೋನ್ ಮಾಡ್ದೆ, ಮಾಡ್ದೆ, ಬೆರಳು ಸವೀತು. ನೀನು ಎತ್ತಲಿಲ್ಲ. ಕಿವಿಗೆ ವೈರ್ ಸಿಗಿಸ್ಕಂಡು, ಪುಸ್ತಕದಾಗೆ ಮೂತಿ ಇಟ್ಕಂಡು ಕುಂತಿದ್ದೆ ಅನ್ಸುತ್ತೆ!” ನಾನು ಎಲ್ಲರೆದುರು ಫೋನು ತೆರೆದು ತೋರಿಸಿದೆ. ಅವಳ ಹೆಸರಿನಲ್ಲಿ ಒಂದು ಕರೆಯೂ ಇರಲಿಲ್ಲ. “ಫೋನು ಸುಳ್ಳು ಹೇಳ್ತೈತೆ” ಎಂದಳು! ಬೇಡಮ್ಮ, ಅವ್ವನ ಇಳಕಲ್ ಸೀರೆಯಾದರೂ ಕೊಡು ಎಂದೆ. ಅದನ್ನು ಉಡಿಸಿಯೇ ಮಣ್ಣು ಮಾಡಿದೆವು ಎಂದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವಳು ಅಂಗಳದಲ್ಲಿ ನಿಂತು, ಬಂದ ನೆಂಟರೆಲ್ಲ ಕೇಳುವಂತೆ, “ನೀನು ಸತ್ರೆ ನಿನ್ನ ಮಣ್ಣಿಗೂ ಬರಲ್ಲ ಹೋಗೇ” ಎಂದಳು. ಬರಬೇಡ ಹೋಗೇ ಎಂದು ನಾನೂ ಹೇಳಿ ಬಸ್ಸು ಹತ್ತಿದೆ.

ಅವತ್ತಿನಿಂದ ಮಾತಿಲ್ಲ. ನನಗೆ ಅವಳ ಹೊಲ ಬೇಡ, ಮನೆ ಬೇಡ, ಕ್ಷಮೆಯೂ ಬೇಡ. ಒಂದೇ ಒಂದು ಮಾತು ಬೇಕಿತ್ತು. ‘ಅಕ್ಕ, ನಾನು ಫೋನ್ ಮಾಡಲಿಲ್ಲ’ ಎಂದು ಅವಳ ಬಾಯಿಂದಲೇ ಬರಬೇಕಿತ್ತು. ಆ ಮಾತಿಲ್ಲದೆ ನನಗೆ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು, ಆದರೆ ಅವ್ವನನ್ನು ನೆನೆದರೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ತಾಯಿಗಾಗಿ ಅಳಲೂ ಬಿಡದವಳನ್ನು ಏನೆಂದು ಕರೆಯಬೇಕು ಹೇಳಿ.

ಹೀಗೆ ನಾನು ಒಂದು ಚೀಲ ಪುಸ್ತಕ, ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಸ್ಪೀಕರ್ ಪೆಟ್ಟಿಗೆ ಹಿಡಿದುಕೊಂಡು ಬಂದಿಳಿದೆ. ಕಲ್ಲೇಶನ ಅಂಗಳದ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿದೆ. ಕೆರೆಯ ಕಡೆಗಲ್ಲ, ಗಂಗಾಳ ಹೊಲದ ಕಡೆಗೆ ಮುಖ ಮಾಡಿ ಹಾಕಿದೆ. ಕಾಲು ಚಾಚಲು ಇನ್ನೊಂದು ಕುರ್ಚಿ. ಸ್ಪೀಕರನ್ನು ಕಿಟಕಿಯ ಒಳಗಟ್ಟೆಯ ಮೇಲೆ, ಬಾಯಿ ಹೊರಗೆ ಮಾಡಿ ಇಟ್ಟೆ. ಮೊದಲ ದಿನ ಸಿತಾರ್. ಎರಡನೆಯ ದಿನ ಹಳೆಯ ಸಿನಿಮಾ ಹಾಡುಗಳು. ಅಲ್ಲಿ ಗಂಗಾ ಕೂಲಿ ಹೆಂಗಸರ ಜೊತೆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಈರುಳ್ಳಿಯ ಜುಟ್ಟು ಕೊಯ್ಯುತ್ತಿದ್ದಳು. ಇಲ್ಲಿ ನಾನು ದಪ್ಪನೆಯ ಕಾದಂಬರಿಯ ಹಾಳೆ ತಿರುವುತ್ತ ಕಾಲು ಕುಣಿಸುತ್ತಿದ್ದೆ. ನಿಜ ಹೇಳಲೇ? ಒಂದು ಪುಟವೂ ತಲೆಗೆ ಹೋಗುತ್ತಿರಲಿಲ್ಲ. ಕನ್ನಡಕದ ಮೇಲಿಂದ ಅವಳನ್ನೇ ನೋಡುತ್ತಿದ್ದೆ. ಅವಳು ತಲೆ ಎತ್ತಿದಾಗಲೆಲ್ಲ ಟಪ್ಪನೆ ಒಂದು ಹಾಳೆ ತಿರುವುತ್ತಿದ್ದೆ.

ನಮ್ಮಿಬ್ಬರ ನಡುವೆ ಓಡಾಡುತ್ತಿದ್ದವಳು ಚಿತ್ತಮ್ಮ. ಗೊಲ್ಲರಹಟ್ಟಿಯ ಹೆಂಗಸು, ಕೊಯ್ಲಾದ ಹೊಲಗಳಲ್ಲಿ ಕುರಿ ಮೇಯಿಸುತ್ತ ಬರುತ್ತಿದ್ದಳು. ಮೊದಲ ದಿನವೇ ಬೇಲಿಯ ಹತ್ತಿರ ನಿಂತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

“ಯಾಕವ್ವ, ಹಗಲೊತ್ತೇ ಹಿಂಗೆ ಕಾಲು ಚಾಚ್ಕಂಡು ಕುಂತಿದೀರ? ಮೈಗೆ ಉಷಾರಿಲ್ವಾ?”

“ಉಷಾರಾಗೇ ಇದೀನಿ. ರಜೆ.”

“ರಿಟೇರ್ ಆದೋರಿಗೆ ಎಂಥ ರಜೆ?” ಎಂದು ನಕ್ಕಳು. ಮರುದಿನವೂ ಕೂತೇ ಇದ್ದದ್ದು ನೋಡಿ ಅವಳ ಮುಖ ಸಣ್ಣಗಾಯಿತು. “ಇವತ್ತೂ ಏಳಕ್ಕಾಗ್ಲಿಲ್ವೇನವ್ವ? ಡಾಕ್ಟ್ರು ಏನಂದ್ರು?” ಎಂದು ಕೇಳಿದಳು. ಇವಳಿಗೆ ತಿಳಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ. ಡಾಕ್ಟ್ರು ಸುಮ್ನೆ ಕೂತ್ಕೋ ಅಂದವ್ರೆ ಎಂದು ಸಿಡುಕಿ, ಪುಸ್ತಕಕ್ಕೆ ತಲೆ ಬಗ್ಗಿಸಿದೆ. ಅವಳು ಲೊಚಗುಟ್ಟಿಕೊಂಡು ಹೋದಳು. ಅದು ಸುತ್ತಲಿನ ನಾಲ್ಕು ಹೊಲಕ್ಕೂ ಸುದ್ದಿಯಾಗಿ ಹೋಗುತ್ತದೆ ಎಂದು ನಾನೇನು ಕನಸು ಕಂಡಿದ್ದೆನೇ?

ಮೂರನೆಯ ದಿನ ಚಿತ್ತಮ್ಮ ಗಂಗಾಳ ಮಾತು ಹೊತ್ತು ತಂದಳು. “ಸೌಂಡ್ ಕಮ್ಮಿ ಮಾಡ್ಬೇಕಂತೆ ಕಣವ್ವ. ಎಮ್ಮೆ ಬೆದರ್ಕಂಡು ಹಾಲು ಕೊಡ್ತಿಲ್ವಂತೆ.”

“ಆ ಎಮ್ಮೆ ಸಂಗೀತ ಕೇಳ್ತಾ ಮೈಮರೆತೈತೆ. ಎಮ್ಮೆಗೆ ಇರೋ ಬುದ್ಧಿ ಅದರ ಒಡತಿಗೆ ಇಲ್ಲ ಅಂತ ಹೇಳು ಹೋಗು.”

ಚಿತ್ತಮ್ಮ ಅದನ್ನು ಉಪ್ಪು ಖಾರ ಹಚ್ಚಿ ಹೇಳಿರಬೇಕು. ಮಧ್ಯಾಹ್ನ ಗಂಗಾ ಅಂಗಳದಲ್ಲಿ ಎಮ್ಮೆಯ ಮುಂದೆ ನಿಂತು, ನನ್ನ ಕಡೆ ಬೆನ್ನು ಮಾಡಿ, ಗಂಟಲು ಹರಿಯುವಂತೆ ಬೈದಳು. “ಏ ಮೂದೇವಿ! ಊರೆಲ್ಲ ಮೇಯ್ಕಂಡು ಕೊನೀಗೆ ಇಲ್ಲಿಗೇ ಬಂದ್ಯಾ ನನ್ನ ಜೀವ ತಿನ್ನಾಕೆ? ಕುಂತಲ್ಲೇ ಕುಂತು ಕೊಬ್ಬಿ ಹೋಗಿದೀಯ!” ಎಮ್ಮೆ ಪಾಪ, ಕಟ್ಟಿದಲ್ಲೇ ಮೆಲುಕು ಹಾಕುತ್ತಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.

ಅಲ್ಲಿಂದ ಯುದ್ಧವೇ. ಅವಳು ಕೊಳೆತ ಈರುಳ್ಳಿಯನ್ನೆಲ್ಲ ತಂದು ನನ್ನ ಬೇಲಿಯ ಪಕ್ಕ ಸುರಿದಳು. ನಾನು ಊದಿನಕಡ್ಡಿ ಹಚ್ಚಿಕೊಂಡು ಕೂತೆ. ಭಾನುವಾರ ನೋಡಿ, ಅಂಗಳದಲ್ಲಿ ಒಲೆ ಹೂಡಿ, ಗಾಳಿ ನನ್ನ ಕಡೆ ತಿರುಗುವುದನ್ನೇ ಕಾದು, ಒಣಮೆಣಸಿನಕಾಯಿ ಹುರಿಯಲು ಕೂತಳು. ಘಾಟು ನೇರ ಹೊಂಗೆ ಮರದ ಕೆಳಗೇ ಬಂತು. ಕೆಮ್ಮಿ ಕೆಮ್ಮಿ ಕರುಳು ಬಾಯಿಗೆ ಬಂತು. ಕಣ್ಣಲ್ಲಿ ಮೂಗಲ್ಲಿ ನೀರು. ಪುಸ್ತಕ ಅಲ್ಲೇ ಬಿಸಾಕಿ ಒಳಗೆ ಓಡಿದೆ. ಅಲ್ಲಿಂದ ಅವಳ ನಗು ಕೇಳಿಸಿತು. ಚಿಕ್ಕಂದಿನಲ್ಲಿ ನನ್ನ ಜಡೆಯನ್ನು ಕಿಟಕಿಯ ಸರಳಿಗೆ ಕಟ್ಟಿ ನಗುತ್ತಿದ್ದಳಲ್ಲ, ಅದೇ ನಗು.

ಇವಳಿಗೆ ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ಸಂಜೆಯೆಲ್ಲ ಯೋಚಿಸಿದೆ. ಸಿತಾರ್ ಅವಳಿಗೆ ತಗುಲುವುದಿಲ್ಲ. ಸಿನಿಮಾ ಹಾಡಿಗೆ ಅವಳೂ ಗುನುಗುತ್ತಾಳೆ. ಆಗ ನೆನಪಾಯಿತು, ಅವ್ವನ ಪದ. ಅವ್ವ ಜೋಳ ಹಸನು ಮಾಡುವಾಗ ಹಾಡಿಕೊಳ್ಳುತ್ತಿದ್ದ ಒಂದು ಭಜನೆ ಪದವಿತ್ತು, ಗುರುವಿನ ಮನೆಯ ಬಾಗಿಲಲ್ಲಿ ಕಾದು ನಿಂತವರ ಪದ. ಮೊರದ ಸದ್ದೇ ಅದಕ್ಕೆ ತಾಳ. ಫೋನಿನಲ್ಲಿ ಹುಡುಕಿದೆ, ಯಾವುದೋ ಭಜನಾ ಮಂಡಳಿಯವರು ಹಾರ್ಮೋನಿಯಂ ಇಟ್ಟುಕೊಂಡು ಹಾಡಿದ್ದು ಸಿಕ್ಕಿತು. ಅವ್ವನ ಪದ ನನ್ನ ಮನೆಯಿಂದ ಕೇಳಿಬಂದರೆ ಇವಳ ಎದೆ ಧಸಕ್ಕೆನ್ನಬೇಕು. ಅವ್ವ ನಿನ್ನೊಬ್ಬಳದಲ್ಲ ಕಣೇ, ನನ್ನದೂ ಹೌದು ಎಂದು ತಿಳಿಯಬೇಕು.

ಸೋಮವಾರ ಬೆಳಿಗ್ಗೆ ಬೇಗ ಎದ್ದೆ. ಮೆಣಸಿನ ಘಾಟು ಹಿಡಿದಿದ್ದ ಕುರ್ಚಿಗಳನ್ನೆಲ್ಲ, ಒಳಗಿದ್ದವನ್ನೂ ಸೇರಿಸಿ, ತೊಳೆದು ಅಂಗಳದಲ್ಲಿ ಸಾಲಾಗಿ ಒಣಗಲು ಇಟ್ಟೆ. ಮೋಡ ಕವಿದಿತ್ತು, ಸೋಲಾರ್ ನೀರು ಬಿಸಿಯಾಗುವುದಿಲ್ಲ ಎಂದು ಬಾಗಿಲ ಮುಂದೆ ಮೂರು ಕಲ್ಲು ಹೂಡಿ, ಬೆಂಕಿ ಹಾಕಿ, ಹಂಡೆಯಲ್ಲಿ ನೀರು ಕಾಯಿಸಿದೆ. ಸೋಮವಾರ, ತಲೆಸ್ನಾನ ಮಾಡಿ ಪೂಜೆಗೆ ಕೂರಬೇಕು. ಪದ ಮುಗಿದರೆ ಮತ್ತೆ ಮೊದಲಿಂದ ಶುರುವಾಗುವಂತೆ ಮಾಡಿದೆ. ನಡುವೆ ಯಾರೂ ಫೋನ್ ಮಾಡಿ ನಿಲ್ಲಿಸದಂತೆ ಕರೆಗಳನ್ನು ಬಂದ್ ಮಾಡಿದೆ. ಸ್ಪೀಕರಿನ ಗುಂಡಿ ಕೊನೆಯವರೆಗೆ. ಮುಂಬಾಗಿಲಿಗೆ ಅಗುಳಿ ಹಾಕಿ ಬಚ್ಚಲಿಗೆ ಹೋದೆ.

ಸೀಗೆಪುಡಿ ತಲೆಗೆ ಹಾಕಿ ತಿಕ್ಕುತ್ತಿದ್ದೆ. ಬಚ್ಚಲಿನ ಗವಾಕ್ಷಿ ಅಂಗಳದ ಕಡೆಗೇ ಇದೆ. ಪದದ ನಡುವೆ ಹೊರಗೆ ಬೈಕು ನಿಂತ ಸದ್ದಾಯಿತು, ಆಮೇಲೆ ಇನ್ನೊಂದು, ಆಮೇಲೆ ಕಾಲುಗಳ ಸದ್ದು. ಯಾರೋ ಕಿಟಕಿಯ ಸರಳಿನೊಳಗೆ ಕೈ ಹಾಕಿ ಸ್ಪೀಕರ್ ಆರಿಸಿದರು. ಪದ ಟಕ್ಕನೆ ನಿಂತಿತು.

“ಯಾವಾಗ ಹೋದ್ರಂತಪ್ಪ?” ಒಬ್ಬ ಮುದುಕನ ದನಿ.

“ಬೆಳಗಿನ ಜಾವ ಇರ್ಬೇಕು. ಪದ ಹಾಕವ್ರೆ ಅಂತ ಸುದ್ದಿ ಬಂದ ಕೂಡ್ಲೇ ಅಂಗಡಿ ಬಾಗ್ಲು ಹಾಕ್ಕಂಡು ಬಂದೆ. ಫೋನೂ ಎತ್ತಲಿಲ್ಲ.” ಇದು ಕಲ್ಲೇಶ.

“ನಾಲ್ಕು ದಿನದಿಂದ ಕುರ್ಚಿ ಬಿಟ್ಟು ಎದ್ದಿರ್ಲಿಲ್ಲ ಕಣಪ್ಪ. ಡಾಕ್ಟ್ರೇ ಕೈ ಬಿಟ್ಟಿದ್ರಂತೆ.” ಚಿತ್ತಮ್ಮ!

“ಬೆಂಕಿ ಹಾಕವ್ರೆ. ಒಳಗೆ ನೀರು ಸುರಿಯೋ ಸದ್ದು ಕೇಳ್ತೈತೆ, ಹೆಣಕ್ಕೆ ಸ್ನಾನ ಮಾಡಿಸ್ತಾವ್ರೆ ಅನ್ಸುತ್ತೆ. ಕುಂತ್ಕಳ್ರಿ, ಕುರ್ಚಿ ಅವೆ.”

ಸೀಗೆಪುಡಿ ಕಣ್ಣಿಗಿಳಿಯಿತು. ಯಾರು ಸತ್ತಿದ್ದು? ಕಲ್ಲೇಶನ ಮನೆಯವರೇ? ನಾನು ಚೊಂಬು ಹಿಡಿದು ಹಾಗೇ ನಿಂತೆ.

“ಟೀಚರಮ್ಮ ಒಳ್ಳೇರೇ. ಬಾಯಿ ಒಂದು ಜಾಸ್ತಿ ಇತ್ತು, ಅಷ್ಟೇಯ.”

“ಅಷ್ಟೇನಾ? ನಂಗೆ ಎಂಟನೇ ಕ್ಲಾಸಿನಾಗೆ ಹೊಡೆದಿದ್ದು ಇವತ್ತಿಗೂ ಉರೀತೈತೆ.”

ಸತ್ತವಳು ನಾನು! ಒಂಟಿ ಹೆಂಗಸು ಸತ್ತರೆ ಪದ ಹಾಕಿದವರು ಯಾರು, ಕುರ್ಚಿ ಸಾಲು ಮಾಡಿದವರು ಯಾರು ಎಂದು ಆ ಮಂದೆಯಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಮುಂಚೆ ಬಂದವರು ಯಾರೋ ಮಾಡಿರುತ್ತಾರೆ ಎಂದು ಎಲ್ಲರೂ ಎಂದುಕೊಂಡಿದ್ದರು. ಲೇ ಕಲ್ಲೇಶ ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಈರುಳ್ಳಿ ಹೊಲದ ಕಡೆಯಿಂದ ಒಂದು ಕೂಗು ಬಂತು. ತೆರೆದ ಬಾಯಿ ತೆರೆದೇ ಉಳಿಯಿತು.

“ಅಕ್ಕಾ... ನನ್ನಕ್ಕಾ...”

ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವರನ್ನು ಹೆಸರು ಹಿಡಿದು ಕರೆದು, ಒಳಗಿರುವುದನ್ನೆಲ್ಲ ಹಾಡಿಕೊಂಡು ಅಳುತ್ತಾರೆ. ಬದುಕಿದ್ದಾಗ ಆಡಲಾಗದ ಮಾತೆಲ್ಲ ಆಗ ಹೊರಗೆ ಬರುತ್ತದೆ. ಅದನ್ನು ಯಾರೂ ತಡೆಯುವುದಿಲ್ಲ, ಆಮೇಲೆ ಯಾರೂ ಎತ್ತಿ ಆಡುವುದಿಲ್ಲ. ಗಂಗಾ ಬದುವಿನ ಮೇಲೆ ಓಡಿ ಬರುತ್ತಾ ಹಾಡಿಕೊಂಡು ಅಳುತ್ತಿದ್ದಳು. ಆ ದನಿ ಹತ್ತಿರ ಹತ್ತಿರ ಬಂತು. ಮುಂಬಾಗಿಲಿಗೆ ದಬದಬ ಬಡಿದು, ಅಲ್ಲೇ ಹೊಸಿಲ ಮೇಲೆ ಕುಸಿದ ಸದ್ದೂ ಕೇಳಿಸಿತು.

“ಹೋಗ್ಬಿಟ್ಯಾ ನನ್ನವ್ವ... ನನ್ನೊಬ್ಬಳ್ನೇ ಬಿಟ್ಟು ಹೋಗ್ಬಿಟ್ಯಾ... ಇನ್ನ ಯಾರತ್ರ ಜಗಳಾಡ್ಲೇ ನಾನು... ನಿನ್ನೆ ಮೆಣಸಿನಕಾಯಿ ಹುರಿದ್ನಲ್ಲೇ, ಕೆಮ್ಮಿ ಕೆಮ್ಮಿ ಸತ್ತೋದ್ಯಾ... ನಾನೇ ಕೊಂದ್ನೇನೇ ಅಕ್ಕಾ...”

“ಎದ್ದೇಳ್ರಿ ಗಂಗಮ್ಮ, ಸಮಾಧಾನ ಮಾಡ್ಕಳ್ರಿ” ಎಂದು ಕಲ್ಲೇಶ ಹೇಳುತ್ತಿದ್ದ. ಅವಳು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಾನು ಹೊರಗೆ ಹೋಗಬೇಕಿತ್ತು. ನನ್ನ ಕಾಲು ಏಳಲಿಲ್ಲ. ಸುಳ್ಳೇಕೆ ಹೇಳಲಿ, ಏಳಿಸಲು ನಾನು ನೋಡಲೂ ಇಲ್ಲ. ಆ ಮಾತು ಬರುತ್ತದೆ, ಈಗ ಬರುತ್ತದೆ ಎಂದು ಗವಾಕ್ಷಿಗೆ ಕಿವಿ ಹಚ್ಚಿದೆ.

ಬಂತು.

“ಫೋನ್ ಮಾಡ್ಲಿಲ್ಲ ಕಣೇ ಅಕ್ಕಾ... ನಾನು ಫೋನ್ ಮಾಡ್ಲೇ ಇಲ್ಲ... ಎಲ್ರ ಮುಂದೆ ಸುಳ್ಳು ಹೇಳ್ದೆ... ಕೊನೀ ಮೂರು ದಿನ ಅವ್ವ ನಿನ್ನ ಹೆಸ್ರೇ ಹೇಳ್ತಿತ್ತು... ವೀರಿ ಬಂತಾ, ವೀರಿ ಬಂತಾ ಅಂತಿತ್ತು... ಅಷ್ಟು ವರ್ಷ ಉಚ್ಚೆ ಬಾಚಿದೋಳು ನಾನು, ತುತ್ತು ಇಟ್ಟೋಳು ನಾನು... ನನ್ನ ಹೆಸ್ರು ಒಂದ್ಸಲಾನೂ ಅನ್ಲಿಲ್ಲ ಅವ್ವ... ನನ್ನ ಕೈ ಹಿಡ್ಕಂಡೇ ವೀರೀ ಅಂತ ಜೀವ ಬಿಡ್ತು... ನಂಗೆ ಹೊಟ್ಟೆ ಉರೀತು ಕಣೇ... ಬದುಕಿರೋವಾಗ ನಿಂದಾಯ್ತು, ಮಣ್ಣಾದ್ರೂ ನನ್ನೊಬ್ಬಳದಾಗ್ಲಿ ಅಂತ ಫೋನ್ ಮಾಡ್ಲಿಲ್ಲ...”

ವರ್ಷಗಟ್ಟಲೆ ಕಾದ ಮಾತು ಸಿಕ್ಕಿತ್ತು, ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಅವ್ವ ನನ್ನನ್ನು ಕರೆಯುತ್ತಿತ್ತು. ಬಸ್ಸು ಹತ್ತಿದರೆ ಒಂದು ಗಂಟೆಯೂ ಆಗದ ದಾರಿ, ಮೂರು ದಿನ ಕರೆಯುತ್ತಿತ್ತು, ನಾನು ದುರ್ಗದಲ್ಲಿ ಹಾಯಾಗಿ ಪುಸ್ತಕ ಓದಿಕೊಂಡಿದ್ದೆ, ಇವಳು ನನಗೆ ತಿಳಿಸಲಿಲ್ಲ! ಅವ್ವ ಹೋದ ಮೇಲೆ ಮೊದಲ ಸಲ ಅಳು ಬಂತು. ಅಳುತ್ತಲೇ ಸೀರೆ ಸುತ್ತಿಕೊಂಡೆ. ಆ ಕ್ಷಣಕ್ಕೆ ಅವಳನ್ನು ಕೊಂದೇಬಿಡಬೇಕು ಅನ್ನಿಸಿತ್ತು.

ಒದ್ದೆ ತಲೆಯಲ್ಲೇ ಹೋಗಿ ಅಗುಳಿ ತೆಗೆದೆ. ಬಾಗಿಲಿಗೆ ಒರಗಿದ್ದ ಗಂಗಾ ಒಳಕ್ಕೆ ಉರುಳಿದಳು. ತಲೆ ಎತ್ತಿ ನನ್ನ ಮುಖ ನೋಡಿದಳು. ಕಲ್ಲೇಶನ ಕೈಯಲ್ಲಿದ್ದ ಚೆಂಡುಹೂವಿನ ಹಾರ ಕೆಳಗೆ ಬಿತ್ತು.

“ಅಯ್ಯೋ ಶಿವನೇ! ಟೀಚರಮ್ಮ ಎದ್ದು ಬಂದವ್ರೆ!” ಎಂದು ಚಿತ್ತಮ್ಮ ಕಿರುಚಿದಳು.

“ಸತ್ತಿದ್ರೆ ತಾನೇ ಏಳೋಕೆ!” ಎಂದು ಗದರಿದೆ. ಆಮೇಲೆ ತಂಗಿಯ ಕಡೆ ತಿರುಗಿದೆ. “ಇನ್ನೊಂದ್ಸಲ ಹೇಳು. ಫೋನ್ ಮಾಡ್ಲಿಲ್ಲ ಅಂದ್ಯಲ್ಲ, ನನ್ನ ಮುಖ ನೋಡ್ಕೊಂಡು ಹೇಳು.”

ಗಂಗಾ ನಿಧಾನವಾಗಿ ಎದ್ದು ನಿಂತಳು. ಕಣ್ಣೀರು ಇನ್ನೂ ಇಳಿಯುತ್ತಿತ್ತು, ಆದರೆ ಮುಖ ಆಗಲೇ ಕಲ್ಲಾಗಿತ್ತು. “ನಾನೇನೂ ಅಂದಿಲ್ಲ.”

“ಊರೆಲ್ಲ ಕೇಳಿದೆ!”

“ಹೆಣದ ಮುಂದೆ ಅತ್ತಿದ್ದು. ಅದು ಹೆಣಕ್ಕೆ ಹೇಳಿದ್ದು, ನಿಂಗಲ್ಲ.” ಆಮೇಲೆ ಅವಳ ದನಿ ಏರಿತು. “ಎಂಥ ನಾಟಕದೋಳೇ ನೀನು! ಸತ್ತೋರ ಪದ ಹಾಕಿ, ಕುರ್ಚಿ ಹಾಕಿ, ಬೆಂಕಿ ಹಾಕಿ, ಬಾಗಿಲ ಹಿಂದೆ ಕುಂತು ನನ್ನ ಬಾಯಿ ಬಿಡಿಸಿದ್ಯಲ್ಲ! ನಿಂಗೆ ನಾಚ್ಕೆ ಆಗಲ್ವಾ?”

“ಸತ್ತೋರ ಪದ ಯಾವುದೇ? ಅದು ಅವ್ವನ ಪದ! ಜೋಳ ಕೇರೋವಾಗ ಹೇಳ್ತಿತ್ತಲ್ಲ, ಮರೆತ್ಯಾ?”

“ನಾನ್ ಮರೀಲಾ? ಅವ್ವನ ಮಣ್ಣಿನ ದಿನ ಮೈಕಿನಾಗೆ ಬೆಳಗಿಂದ ಹಾಕ್ಸಿದ್ದೇ ನಾನು. ಕೇಳಿದೋರೆಲ್ಲ ಕಣ್ಣೀರು ಹಾಕಿದ್ರು. ಅವತ್ತಿಂದ ಈ ಸುತ್ತಿನಾಗೆ ಯಾರ ಮನೇಲಿ ಸಾವಾದ್ರೂ ಇದೇ ಪದ ಹಾಕೋದು. ಸಣ್ಣ ಹುಡುಗ್ರಿಗೂ ಗೊತ್ತು. ನಿಂಗೆಲ್ಲಿ ಗೊತ್ತಾಗ್ಬೇಕು? ನೀನಿರ್ಲಿಲ್ವಲ್ಲ.”

“ಇರದ ಹಾಗೆ ಮಾಡಿದೋಳು ಯಾರೇ?” ಎಂದೆ.

ಜನ ಒಬ್ಬೊಬ್ಬರೇ ಕುರ್ಚಿ ಬಿಟ್ಟೆದ್ದರು. ಕಲ್ಲೇಶ ‘ಹೋಗಾಣ ನಡೀರಿ, ಅಕ್ಕ ತಂಗೀರು ಮಾತಾಡ್ಕಳ್ಳಿ’ ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೋದ. ಬಿದ್ದ ಹಾರವನ್ನು ಚಿತ್ತಮ್ಮನ ಕುರಿಯೊಂದು ತಿನ್ನತೊಡಗಿತ್ತು. ಚಿತ್ತಮ್ಮ ಅದನ್ನು ಎಳೆದುಕೊಂಡು, ತಿರುತಿರುಗಿ ನಮ್ಮನ್ನು ನೋಡುತ್ತ ಹೋದಳು.

ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಆಗ ನೋಡಿದೆ. ಗಂಗಾ ಚಪ್ಪಲಿಯಿಲ್ಲದೆ ಓಡಿ ಬಂದಿದ್ದಳು. ಜಾಲಿಮುಳ್ಳು ಚುಚ್ಚಿ ಹಿಮ್ಮಡಿಯಲ್ಲಿ ರಕ್ತ ಇಳಿಯುತ್ತಿತ್ತು. ಎದೆಗೆ ಅವುಚಿ ಹಿಡಿದಿದ್ದ ಬಟ್ಟೆಯ ಗಂಟೊಂದನ್ನು ಇಷ್ಟು ಗಲಾಟೆಯಲ್ಲೂ ಬಿಟ್ಟಿರಲಿಲ್ಲ. ಅದರ ಅಂಚಿನಿಂದ ಕೆಂಪು ಸೆರಗು ಕಾಣುತ್ತಿತ್ತು. ಆ ಸೆರಗು ನನಗೆ ಗೊತ್ತು. ಅವ್ವನ ಇಳಕಲ್ ಸೀರೆ, ಮಣ್ಣಿನಲ್ಲಿ ಹೋಯಿತು ಎಂದಿದ್ದಳಲ್ಲ, ಅದೇ.

ಹೆಣ್ಣು ಸತ್ತರೆ ಕೊನೆಯ ಸೀರೆ ತವರಿನಿಂದ ಬರಬೇಕು ಎನ್ನುವುದು ನಮ್ಮಲ್ಲಿನ ಪದ್ಧತಿ. ನಮಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ಅವ್ವ ಹೋದರು. ತವರು ಎಂದು ನನಗೆ ಈಗ ಉಳಿದಿರುವವಳು ಇವಳೊಬ್ಬಳೇ. ನನ್ನ ಹೆಣ ತವರಿನ ಸೀರೆಯಿಲ್ಲದೆ ಹೋಗಬಾರದೆಂದು, ಅಷ್ಟು ವರ್ಷ ಮುಚ್ಚಿಟ್ಟ ಸೀರೆಯನ್ನೇ ತಂದಿದ್ದಳು.

“ಆ ಸೀರೆ ಕೊಡು” ಎಂದೆ.

ಅವಳು ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದಳು. “ಕೊಡಲ್ಲ. ಹೆಣಕ್ಕೆ ಅಂತ ತಂದಿದ್ದು. ನೀನೆಲ್ಲಿ ಸತ್ತಿದೀಯ?”

“ಹಾಗಾದ್ರೆ ಸತ್ತಾಗ ತಗೊಂಡು ಬಾ.”

“ಬರಲ್ಲ.”

“ಇವತ್ತು ಬಂದೆಯಲ್ಲೇ! ಮಣ್ಣಿಗೂ ಬರಲ್ಲ ಅಂದೋಳು, ಚಪ್ಪಲೀನೂ ಹಾಕ್ಕೊಳ್ದೆ ಬಂದೆಯಲ್ಲ!”

“ಬಂದಾತಲ್ಲ” ಎಂದಳು ಗಂಗಾ. “ಬಂದೆ, ಅತ್ತೆ, ಒಳಗಿರೋದೆಲ್ಲ ಹೇಳ್ದೆ. ಒಬ್ರ ಮಣ್ಣಿಗೆ ಎಷ್ಟು ಸಲ ಬರ್ತಾರೆ?”

ಹೇಳಿದವಳೇ ತಿರುಗಿ ನಡೆದಳು. ಸಾವಿನ ಮನೆಯಿಂದ ಹೊರಡುವವರು ‘ಬರ್ತೀನಿ’ ಎನ್ನುವುದಿಲ್ಲ, ಮಾತಿಲ್ಲದೆ ಎದ್ದು ಹೋಗುತ್ತಾರೆ. ಅವಳು ಹಾಗೇ ಹೊರಟಿದ್ದಳು. ಕುಂಟುತ್ತ ಬೇಲಿ ದಾಟಿದಳು. ನನಗೆ ತಡೆಯಲಾಗಲಿಲ್ಲ.

“ಗಂಗೀ! ನಾನಿನ್ನೂ ಬದುಕಿದೀನಿ ಕಣೇ! ಬರ್ತೀನಿ ಅಂತ ಹೇಳಿ ಹೋಗೇ!”

ಅವಳು ತಿರುಗಿ ನೋಡಲಿಲ್ಲ. ಮನೆಯ ಬಾಗಿಲಿಗೆ ಹೋಗುವ ಬದಲು ಹೊಲದ ಬೋರಿನ ತೊಟ್ಟಿಯ ಹತ್ತಿರ ಹೋದಳು. ಮಣ್ಣು ಮಾಡಿ ಬಂದವರು ಮನೆಯೊಳಗೆ ಕಾಲಿಡುವ ಮುಂಚೆ ಹೊರಗೇ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಗಂಗಾ ಉಟ್ಟ ಸೀರೆಯಲ್ಲೇ ಕೂತು, ನನ್ನ ಕಡೆಗೆ ಮುಖ ಮಾಡಿ, ನಾನು ನೋಡಲೆಂದೇ, ಕೊಡದಿಂದ ತಲೆಗೆ ನೀರು ಸುರಿದುಕೊಂಡಳು. ಮತ್ತೆ ತುಂಬಿದಳು, ಮತ್ತೆ ಸುರಿದುಕೊಂಡಳು. ನಾನು ಹೊಂಗೆ ಮರದ ಕೆಳಗೆ ನನ್ನ ಕುರ್ಚಿಯಲ್ಲಿ ಕೂತು ನನ್ನ ಸಾವಿನ ಸ್ನಾನ ನೋಡಿದೆ.

ಸಾವಿನ ಮನೆಗೆ ಕೊಂಡೊಯ್ದ ಬಟ್ಟೆಯನ್ನೂ ನೆನೆಸಿ ಹಿಂಡಬೇಕು, ಅದೂ ಪದ್ಧತಿಯೇ. ಆದರೆ ಅವ್ವನ ಸೀರೆಯನ್ನು ಅವಳು ತೊಟ್ಟಿಯಿಂದ ದೂರ, ಬದುವಿನ ಕಲ್ಲಿನ ಮೇಲೆ, ಒಂದು ಹನಿಯೂ ಸಿಡಿಯದ ಹಾಗೆ ಇಟ್ಟಿದ್ದಳು. ಸ್ನಾನ ಮುಗಿಸಿ, ಎರಡೂ ಕೈಯನ್ನು ಗಾಳಿಗೆ ಒಡ್ಡಿ ಚೆನ್ನಾಗಿ ಒಣಗಿಸಿಕೊಂಡು, ಆಮೇಲೆ ಅದನ್ನು ಎತ್ತಿಕೊಂಡು ಒಳಗೆ ಹೋದಳು.